‘ಗ್ಯಾಪ್’ಗೆ ಕನ್ನಡ ಹುಡುಕಲು ಹೋಗಿ ‘ಬಿಡು’ ಸಿಕ್ಕಿತು

ಅನುವಾದಕ್ಕೆ ಕೈ ಹಾಕಿದ ಹೊಸತರಲ್ಲಿ ನನ್ನ ಹತ್ತಿರ ಒಂದು ಸುಲಭದ ಲೆಕ್ಕ ಇತ್ತು. ಇಂಗ್ಲಿಷಿನ ಪಾಝ್ (pause) ಅಂದರೆ ವಿರಾಮ, ಗ್ಯಾಪ್ (gap) ಅಂದರೆ ಅಂತರ. ಮುಗಿಯಿತು.

ಆ ಲೆಕ್ಕ ಕೆಟ್ಟಿದ್ದು ಒಂದು ಕಥೆಯ ಧ್ವನಿಮುದ್ರಣದ ದಿನ. ‘ಆಕೆ ಒಂದು ಸಣ್ಣ ವಿರಾಮ ತೆಗೆದುಕೊಂಡು ಹೇಳಿದಳು’ ಎಂದು ಬರೆದಿದ್ದೆ. ಓದುತ್ತಿದ್ದ ಹಿರಿಯರು ಅಲ್ಲಿಗೇ ನಿಲ್ಲಿಸಿ ನಕ್ಕರು. “ವಿರಾಮ ಅಂದ್ರೆ ಜನ ಎದ್ದು ಹೋಗ್ತಾರೆ ಕಣಮ್ಮಾ. ಇವಳು ಬರೀ ಉಸಿರು ಬಿಟ್ಟಿದ್ದಾಳೆ ಅಷ್ಟೆ.” ಆ ಸಾಲನ್ನು ‘ಆಕೆ ತುಸು ತಡೆದು ಹೇಳಿದಳು’ ಎಂದು ತಿದ್ದಿಕೊಂಡೆವು. ಹೆಸರುಪದ ಹೋಗಿ ಕ್ರಿಯಾಪದ ಬಂತು. ಸಾಲಿಗೆ ಜೀವ ಬಂತು.

ಆಮೇಲೆ ಒಂದು ನೋಟ್‌ಬುಕ್ ಇಟ್ಟೆ. ಬರೀ ಸಮಾನಾರ್ಥಕ ಪದಗಳನ್ನು ಸಾಲಾಗಿ ಬರೆದರೆ ಉಪಯೋಗವಿಲ್ಲ ಅಂತ ಬೇಗ ಗೊತ್ತಾಯಿತು. ಪ್ರತಿ ಪದದ ಪಕ್ಕ ಅದು ಯಾವ ಕ್ರಿಯಾಪದದ ಜೊತೆ ಸಂಸಾರ ಮಾಡುತ್ತದೆ ಅಂತ ಬರೆಯತೊಡಗಿದೆ. ಬಿಡುವು ಸಿಗುತ್ತದೆ, ಇಲ್ಲವೇ ನಾವೇ ಮಾಡಿಕೊಳ್ಳುತ್ತೇವೆ. ಅಂತರವನ್ನು ಕಾಯ್ದುಕೊಳ್ಳುತ್ತೇವೆ. ಅಡ್ಡಿ ಬರುತ್ತದೆ. ಪುರುಸೊತ್ತು ಮಾತ್ರ ಹೆಚ್ಚಾಗಿ ‘ಇಲ್ಲ’ದ ಜೊತೆಗೇ ಕಾಣಿಸುತ್ತದೆ! ಇರುವವರು ಅದರ ಸುದ್ದಿ ಎತ್ತುವುದಿಲ್ಲ ಅಂತ ಕಾಣುತ್ತದೆ.

ಬಿಡುವು ಮತ್ತು ವಿರಾಮ ಹತ್ತಿರದ ಪದಗಳೇ. ಆದರೆ ಬಿಡುವು ಮನುಷ್ಯನದು, ವಿರಾಮ ಕೆಲಸದ್ದು. ನಾಟಕಕ್ಕೆ ವಿರಾಮ ಇರುತ್ತದೆ, ನಟನಿಗೆ ಬಿಡುವು ಸಿಗುತ್ತದೆ. ಕದನಕ್ಕೆ ಬಿಡುವು ಅಂದರೆ ತಮಾಷೆಯಾಗುತ್ತದೆ, ಅಲ್ಲಿ ಕದನವಿರಾಮವೇ ಬೇಕು. ಅದು ಯುದ್ಧದ ಕೊನೆಯಲ್ಲ, ಮತ್ತೆ ಶುರುವಾಗಬಹುದು. ಕೊನೆ ಎನ್ನಬೇಕಾದಾಗ ‘ಪೂರ್ಣ’ ಸೇರಿಸಿ ಪೂರ್ಣವಿರಾಮ ಹಾಕುತ್ತೇವೆ. ಅಂದಹಾಗೆ ಕಂಪ್ಯೂಟರಿನ ಅಕ್ಷರಪಟ್ಟಿಯಾದ ಯೂನಿಕೋಡ್‌ನಲ್ಲಿ ‘ಕ್’ ಅಕ್ಷರದ ಮೇಲಿನ ಆ ಸಣ್ಣ ಗುರುತಿಗೂ ವಿರಾಮ ಎಂದೇ ಹೆಸರು. ಅಲ್ಲಿ ನಿಲ್ಲುವುದು ವಾಕ್ಯವಲ್ಲ, ಸ್ವರ. ಪದ್ಯದಲ್ಲಿ ಉಸಿರು ನಿಲ್ಲುವ ಜಾಗಕ್ಕೆ ಬೇರೆಯೇ ಹೆಸರಿದೆ, ಯತಿ. ಹಳಗನ್ನಡ ಕವಿಗಳು ಅದಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಲಿಲ್ಲ, ದಾಟಿಕೊಂಡೇ ಹೋದರು.

ಜಾಗದ ಗ್ಯಾಪ್ ಇನ್ನೂ ತುಂಟ. ಸಂದಿ ಅಂದರೆ ಕಿರಿದಾದ ಜಾಗ: ಹಲ್ಲಿನ ಸಂದಿ, ಬಾಗಿಲ ಸಂದಿ. ಅದು ಮೊದಲಿನಿಂದ ಇರುವಂಥದ್ದು. ಬಿರುಕು ಹಾಗಲ್ಲ, ಕೂಡಿದ್ದದ್ದು ಒಡೆದಾಗ ಬರುವುದು. ಅದಕ್ಕೇ ಸಂಬಂಧದಲ್ಲಿ ಬಿರುಕು ಎನ್ನುತ್ತೇವೆ, ಸಂದಿ ಎನ್ನುವುದಿಲ್ಲ. ಆ ಸಂದಿಯೇ ನನ್ನನ್ನು ಒಂದು ವಾರ ಕಾಡಿತು. ಅದು ಸಂಸ್ಕೃತದ ಸಂಧಿಯಿಂದ ಬಂದದ್ದು. ವ್ಯಾಕರಣದಲ್ಲಿ ಸಂಧಿ ಅಂದರೆ ಕೂಡುವುದು! ಎರಡು ವಸ್ತು ಕೂಡುವ ಜಾಗವೇ ಅವುಗಳ ನಡುವಿನ ಕಿಂಡಿಯೂ ಹೌದು ಅಂತ ಭಾಷೆ ಎಣಿಸಿದೆ. ಸಂಧಿವಾತದಲ್ಲಿ ನೋಯುವುದು ಮೂಳೆಗಳು ಕೂಡುವ ಜಾಗವೇ, ಅಲ್ವಾ?

ಅಂತರದಲ್ಲೂ ಒಮ್ಮೆ ಎಡವಿದ್ದೆ. ಭಾಷಾಂತರ ಎಂದರೆ ಎರಡು ಭಾಷೆಗಳ ನಡುವಿನ ಅಂತರ ಅಂತ ಒಂದು ಟಿಪ್ಪಣಿಯಲ್ಲಿ ಜಂಭದಿಂದ ಬರೆದಿದ್ದೆ. ಅಲ್ಲಿ ಅಂತರ ಅಂದರೆ ‘ಬೇರೊಂದು’. ರೂಪಾಂತರ ಬೇರೊಂದು ರೂಪ, ಭಾಷಾಂತರ ಬೇರೊಂದು ಭಾಷೆ. ನನ್ನ ಕಸುಬಿನ ಹೆಸರೇ ನನಗೆ ಸರಿಯಾಗಿ ಗೊತ್ತಿರಲಿಲ್ಲ.

ಪುಟಗಳು ತುಂಬಿದ ಮೇಲೆ ಒಂದು ದಿನ ಸುಮ್ನೆ ತಿರುವಿ ಹಾಕುತ್ತಿದ್ದಾಗ ಒಂದೇ ಪದ ಎಲ್ಲೆಡೆ ಕಂಡಿತು. ದಿನ ಬಿಟ್ಟು ದಿನ. ಬಿಟ್ಟು ಬಿಟ್ಟು ಬರುವ ಜ್ವರ. ಒಂದು ಸಾಲು ಬಿಟ್ಟು ಬರೆ. ಜಾಗ ಬಿಟ್ಟು ಕೂರು. ಗೋಡೆ ಬಿರುಕು ಬಿಟ್ಟಿತು. ಬಿಟ್ಟ ಸ್ಥಳ ತುಂಬಿರಿ. ಬಿಡುವು ಹುಟ್ಟಿದ್ದೂ ಅದರಿಂದಲೇ. ತೆರಪೇ ಇಲ್ಲ ಎನ್ನಲು ಎಡೆಬಿಡದೆ, ಬಿಟ್ಟೂಬಿಡದೆ. ಕಾಲದ ಗ್ಯಾಪ್ ಆಗಲಿ ಜಾಗದ ಗ್ಯಾಪ್ ಆಗಲಿ, ಕನ್ನಡ ಅದನ್ನು ವಸ್ತು ಅಂತ ನೋಡುವುದು ಕಡಿಮೆ. ಯಾರೋ ಏನನ್ನೋ ಬಿಟ್ಟರು ಅಂತ ನೋಡುತ್ತದೆ. ನಾನು ಇಷ್ಟು ದಿನ ಹೆಸರುಪದಕ್ಕೆ ಹೆಸರುಪದ ಹುಡುಕುತ್ತಾ ಕೂತಿದ್ದೆ.

ಈಗ ಮೊದಲು ಕ್ರಿಯಾಪದದಲ್ಲಿ ಹೇಳಲು ಆಗುತ್ತದಾ ಅಂತ ನೋಡುತ್ತೇನೆ. ‘ಅಕ್ಕತಂಗಿಯರ ನಡುವೆ ಮೂರು ವರ್ಷದ ಅಂತರವಿದೆ’ ಹೋಗಿ ‘ತಂಗಿ ಮೂರು ವರ್ಷಕ್ಕೆ ಚಿಕ್ಕವಳು’ ಆಗಿದೆ. ‘ಮಾತಿನಲ್ಲಿ ಮೌನದ ಅಂತರ ಉಂಟಾಯಿತು’ ಎಂಬ ಭಯಂಕರ ಸಾಲು ‘ಇಬ್ಬರೂ ಸುಮ್ಮನಾದರು’ ಆಗಿದೆ. ಎಲ್ಲ ಕಡೆ ಇದು ನಡೆಯುವುದಿಲ್ಲ. ತಲೆಮಾರುಗಳ ಅಂತರಕ್ಕೆ ಬೇರೆ ದಾರಿ ಸಿಕ್ಕಿಲ್ಲ, ಬಡವ ಬಲ್ಲಿದರ ನಡುವಿನ ಕಂದಕ ಕಂದಕವಾಗಿಯೇ ಇರಲಿ. ಇನ್ನು ಹಾಡು ನಿಲ್ಲಿಸುವ ಆ ಎರಡು ಗೆರೆಯ ಗುಂಡಿ. ಅದಕ್ಕೆ ‘ವಿರಾಮ’ ಅಂತಲೇ ಬರೆಯುತ್ತೇನೆ. ‘ತಡೆ’ ಅಂತ ಹಾಕಿ ನೋಡಿದ್ದೆ, ಏನೋ ಕೆಟ್ಟುಹೋಗಿದೆ ಅಂದುಕೊಂಡರು.