ಬಲಗಾಲಿನ ಅವಸರ: ವೇಗ ತಗ್ಗಿಸಿಕೊಂಡ ನನ್ನ ಅನುಭವ

ನಾನು ಕಾರು ಓಡಿಸಲು ತೊಡಗಿ 19 ವರ್ಷಗಳಾದವು. ಅವುಗಳಲ್ಲಿ ಮೊದಲ 13 ವರ್ಷ ಅತಿವೇಗದಲ್ಲೇ ಕಳೆದವು. ಆ ಅವಧಿಯಲ್ಲಿ ದೊಡ್ಡ ಅಪಘಾತವೇನೂ ಆಗಲಿಲ್ಲವಾದ್ದರಿಂದ ನನ್ನ ಚಾಲನೆ ಚೆನ್ನಾಗಿದೆ ಎಂದೇ ನಂಬಿಕೊಂಡಿದ್ದೆ. ಒಂದು ಸಂಜೆ ಮಳೆ ನಿಂತು ರಸ್ತೆಯಿನ್ನೂ ಒದ್ದೆಯಾಗಿದ್ದಾಗ ಮುಂದಿದ್ದ ಲಾರಿಯ ಬ್ರೇಕ್ ದೀಪಗಳು ಇದ್ದಕ್ಕಿದ್ದಂತೆ ಹೊತ್ತಿಕೊಂಡವು. ನಾನು ಅದರ ಬೆನ್ನಿಗೆ ಅಂಟಿಕೊಂಡಂತೆ ಹೋಗುತ್ತಿದ್ದೆ. ಬ್ರೇಕ್ ಪೆಡಲ್ ಕಾಲಿನಡಿ ಗಡಗಡ ನಡುಗಿತು, ಕಾರು ಲಾರಿಯ ಹಿಂಬದಿಗೆ ಒಂದು ಮಾರು ದೂರದಲ್ಲಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಲಾರಿಯ ಚಾಲಕನಿಗೆ ಹಿಂದೆ ನಡೆದದ್ದು ಗೊತ್ತೂ ಆಗಲಿಲ್ಲವೇನೋ, ಅವನು ಮುಂದೆ ಸಾಗಿದ. ನಾನು ಕಾರನ್ನು ಬದಿಗೆ ತಂದು ನಿಲ್ಲಿಸಿ ಕೈ ನಡುಕ ನಿಲ್ಲುವವರೆಗೆ ಕುಳಿತೆ. ಆಗ ಹೊಳೆದ ಸಂಗತಿ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ: ಆ ಸಂಜೆ ನನಗಾಗಿ ಯಾರೂ ಕಾಯುತ್ತಿರಲಿಲ್ಲ, ಮಾಡಬೇಕಾದ ಕೆಲಸ ಯಾವುದೂ ಇರಲಿಲ್ಲ, ಮರುದಿನ ರಜೆಯೂ ಆಗಿತ್ತು. ಹಾಗಿದ್ದರೆ ನಾನು ಓಡುತ್ತಿದ್ದುದು ಎಲ್ಲಿಗೆ?

ನಾಳೆಯಿಂದ ನಿಧಾನವಾಗಿ ಓಡಿಸುತ್ತೇನೆ ಎಂದು ಅಂದೇ ನಿಶ್ಚಯಿಸಿದೆ. ಆ ನಿಶ್ಚಯ ನಾಲ್ಕು ದಿನ ಬಾಳಿತು. ನಿಶ್ಚಯ ಮಾಡುವುದು ಮನಸ್ಸು ತಣ್ಣಗಿರುವಾಗ, ವೇಗದ ಸೆಳೆತ ಬರುವುದು ಮೈ ಬಿಸಿಯಾಗಿರುವಾಗ, ಆದ್ದರಿಂದ ಮೊದಲನೆಯದರ ಮಾತು ಎರಡನೆಯದರ ಕಿವಿಗೆ ಬೀಳುವುದಿಲ್ಲ ಎಂದು ನನಗೆ ಅರ್ಥವಾದದ್ದು ಐದನೆಯ ದಿನ. ಬೇರೆ ದಾರಿ ಹುಡುಕಬೇಕಾಯಿತು. ಕಾರಿನಲ್ಲಿ ಒಂದು ಪುಟ್ಟ ಪುಸ್ತಕ ಇಟ್ಟುಕೊಂಡೆ. ಪ್ರತಿ ಪ್ರಯಾಣ ಮುಗಿದು ಕಾರು ನಿಲ್ಲಿಸಿದ ಮೇಲೆ ಮೂರು ವಿಷಯ ಬರೆಯುತ್ತಿದ್ದೆ: ಹೊರಟ ಮತ್ತು ತಲುಪಿದ ಸಮಯ, ವೇಗ ಹೆಚ್ಚಿಸಬೇಕೆನಿಸಿದ ಕ್ಷಣಗಳು, ಆ ಕ್ಷಣಕ್ಕೆ ತುಸು ಮೊದಲು ನಡೆದದ್ದು. ಓಡಿಸುತ್ತಿರುವಾಗ ಬರೆಯುವಂತಿಲ್ಲವಾದ್ದರಿಂದ ನೆನಪಿನಲ್ಲಿ ಉಳಿದಷ್ಟನ್ನೇ ಬರೆದೆ, ಅಷ್ಟೇ ಸಾಕಾಯಿತು.

ಮೂರು ವಾರಗಳ ನಂತರ ಆ ಪುಟಗಳನ್ನು ಒಟ್ಟಿಗೆ ಓದಿದಾಗ ನನ್ನ ಬಗ್ಗೆ ನನಗೇ ತಿಳಿಯದಿದ್ದದ್ದು ತಿಳಿಯಿತು. ನಿಜವಾಗಿಯೂ ತಡವಾಗಿದ್ದರಿಂದ ವೇಗ ಹೆಚ್ಚಿಸಿದ ಸಂದರ್ಭಗಳು ಕೈಬೆರಳೆಣಿಕೆಯಷ್ಟು ಮಾತ್ರ ಇದ್ದವು. ಯಾರೋ ಓವರ್‌ಟೇಕ್ ಮಾಡಿದ್ದು, ಹಿಂದಿನವರು ಹಾರ್ನ್ ಒತ್ತಿದ್ದು, ಹೊರಡುವ ಮುನ್ನ ಫೋನಿನಲ್ಲಿ ಬಿರುಸು ಮಾತುಗಳಾದದ್ದು, ಹೊಟ್ಟೆ ಹಸಿದಿದ್ದದ್ದು, ಇವೇ ಮತ್ತೆ ಮತ್ತೆ ಕಾಣಿಸಿದವು. ಅವಸರ ರಸ್ತೆಯಲ್ಲಿ ಹುಟ್ಟುತ್ತಿರಲಿಲ್ಲ, ಬಹುಪಾಲು ದಿನ ಅದು ನನ್ನ ಜೊತೆಗೇ ಕಾರು ಹತ್ತುತ್ತಿತ್ತು. ಇದು ತಿಳಿದ ಮೇಲೆ, ಹೋರಾಟವನ್ನು ರಸ್ತೆಯಲ್ಲಿ ನಡೆಸುವ ಬದಲು ಕೀಲಿ ತಿರುಗಿಸುವ ಮುನ್ನವೇ ಮುಗಿಸುವುದು ಸುಲಭವೆನಿಸಿತು.

ಅಂದಿನಿಂದ ಈಗಲೂ ಮಾಡುವುದು ಇಷ್ಟೇ. ಸೀಟಿನಲ್ಲಿ ಕುಳಿತು ಬೆಲ್ಟ್ ಹಾಕಿಕೊಂಡ ಮೇಲೆ ಆರು ಉಸಿರು ಎಣಿಸುತ್ತೇನೆ, ಒಳಗೆ ಎಳೆದುಕೊಂಡದ್ದಕ್ಕಿಂತ ಹೊರಗೆ ಬಿಡುವುದನ್ನು ಉದ್ದವಾಗಿಸುತ್ತೇನೆ. ಉಸಿರು ಬಿಡುವಾಗ ಹೃದಯದ ಬಡಿತ ಸಹಜವಾಗಿ ಸ್ವಲ್ಪ ಇಳಿಯುತ್ತದೆ. ಆಮೇಲೆ ತಲುಪುವ ಸಮಯವನ್ನು ಬಾಯಿಬಿಟ್ಟು ಹೇಳಿಕೊಳ್ಳುತ್ತೇನೆ. ಅದು ತಡವಾಗುವಂತಿದ್ದರೆ ಅಲ್ಲಿಯೇ, ಕಾರು ಹೊರಡುವ ಮುನ್ನವೇ, ಕಾಯುತ್ತಿರುವವರಿಗೆ ಫೋನ್ ಮಾಡಿ ತಡವಾಗುತ್ತದೆ ಎಂದು ತಿಳಿಸುತ್ತೇನೆ. ಈ ಒಂದು ಕರೆ ನನ್ನ ಬಲಗಾಲಿನ ಮೇಲಿನ ಭಾರವನ್ನು ಎಷ್ಟು ಇಳಿಸುತ್ತದೆಂದರೆ, ಬೇರೇನನ್ನೂ ಮಾಡಲಾಗದವರು ಇದೊಂದನ್ನಾದರೂ ಮಾಡಲಿ ಎಂಬುದು ನನ್ನ ಕೋರಿಕೆ.

ಪುಸ್ತಕದಲ್ಲಿದ್ದ ಸಮಯದ ಲೆಕ್ಕವೂ ಕಣ್ಣು ತೆರೆಸಿತು. ನನ್ನ ದಿನನಿತ್ಯದ ದಾರಿ 24 ಕಿ.ಮೀ. ವೇಗವಾಗಿ ಓಡಿಸಿದ ದಿನಗಳಲ್ಲಿ ಸರಾಸರಿ 41 ನಿಮಿಷ, ಸಮಾಧಾನದಿಂದ ಓಡಿಸಿದ ದಿನಗಳಲ್ಲಿ 44 ನಿಮಿಷ ಹಿಡಿದಿತ್ತು. ಸಿಗ್ನಲ್‌ಗಳೂ ವಾಹನಗಳ ಸಾಲುಗಳೂ ನಾನು ಗಳಿಸಿದ್ದನ್ನೆಲ್ಲ ಹಿಂದಕ್ಕೆ ಪಡೆದು ಮೂರು ನಿಮಿಷ ಮಾತ್ರ ಉಳಿಸಿಕೊಟ್ಟಿದ್ದವು. ತೆರೆದ ರಸ್ತೆಯಲ್ಲಿ ಕೂಡ ಲೆಕ್ಕ ನಾವು ಊಹಿಸಿದಂತಿರುವುದಿಲ್ಲ. ಗಂಟೆಗೆ 40 ಕಿ.ಮೀ. ವೇಗದಲ್ಲಿ 10 ಕಿ.ಮೀ. ಸಾಗಲು 15 ನಿಮಿಷ ಬೇಕು, 50ಕ್ಕೆ ಏರಿಸಿದರೆ 12 ನಿಮಿಷ, ಅಂದರೆ ಮೂರು ನಿಮಿಷದ ಉಳಿತಾಯ. ಅದೇ 10 ಕಿ.ಮೀ. ದೂರವನ್ನು 80ರ ಬದಲು 90ರಲ್ಲಿ ಹೋದರೆ ಉಳಿಯುವುದು 50 ಸೆಕೆಂಡು. ವೇಗ ಹೆಚ್ಚಾದಷ್ಟೂ ಗಂಟೆಗೆ ಅದೇ 10 ಕಿ.ಮೀ. ವೇಗದ ಏರಿಕೆಯಿಂದ ಸಿಗುವ ಲಾಭ ಕುಗ್ಗುತ್ತ ಹೋಗುತ್ತದೆ, ಅಪಾಯ ಮಾತ್ರ ಬೆಳೆಯುತ್ತ ಹೋಗುತ್ತದೆ.

ಆ ಅಪಾಯವನ್ನೂ ಒಂದು ಭಾನುವಾರ ಕುಳಿತು ಲೆಕ್ಕ ಹಾಕಿದೆ, ಏಕೆಂದರೆ 'ವೇಗ ಅಪಾಯಕಾರಿ' ಎಂಬ ಫಲಕವನ್ನು ಸಾವಿರ ಸಲ ಓದಿದ್ದರೂ ಅದು ನನಗೆ ತಟ್ಟಿರಲಿಲ್ಲ. ಅಡ್ಡ ಬಂದದ್ದನ್ನು ಕಂಡು ಬ್ರೇಕ್ ಒತ್ತುವವರೆಗೆ ಒಂದೂವರೆ ಸೆಕೆಂಡು ಬೇಕೆಂದೂ, ರಸ್ತೆ ಒಣಗಿದ್ದು ಬ್ರೇಕ್ ಚೆನ್ನಾಗಿದೆಯೆಂದೂ ಇಟ್ಟುಕೊಂಡರೆ, ಗಂಟೆಗೆ 60 ಕಿ.ಮೀ. ವೇಗದ ಕಾರು ನಿಲ್ಲಲು ಸುಮಾರು 45 ಮೀಟರ್ ಬೇಕು. 80ರಲ್ಲಿದ್ದ ಕಾರಿಗೆ ಸುಮಾರು 69 ಮೀಟರ್ ಬೇಕು. ನನ್ನ ಎದೆ ಝಲ್ಲೆಂದದ್ದು ಈ ಎರಡು ಸಂಖ್ಯೆಗಳಿಂದಲ್ಲ, ಮುಂದಿನದರಿಂದ: ಮೊದಲ ಕಾರು ಪೂರ್ತಿ ನಿಂತುಹೋದ ಆ ಜಾಗದಲ್ಲಿ ಎರಡನೆಯ ಕಾರು ಇನ್ನೂ ಗಂಟೆಗೆ ಸುಮಾರು 65 ಕಿ.ಮೀ. ವೇಗದಲ್ಲಿ ಸಾಗುತ್ತಿರುತ್ತದೆ. ಒಬ್ಬ ಚಾಲಕನ ಪಾಲಿಗೆ ಕೇವಲ ಬೆಚ್ಚಿಬೀಳುವ ಘಟನೆಯಾಗಿ ಮುಗಿಯುವುದು ಮತ್ತೊಬ್ಬನ ಪಾಲಿಗೆ ಯಾರದೋ ಜೀವ ಹೋಗುವ ಘಟನೆಯಾಗುತ್ತದೆ. ಸರಾಸರಿ ವೇಗ ಶೇಕಡ 1ರಷ್ಟು ಏರಿದರೆ ಸಾವಿಗೆ ಕಾರಣವಾಗುವ ಅಪಘಾತದ ಸಂಭವ ಶೇಕಡ 4ರಷ್ಟು ಏರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಏಕೆಂದು ಆ ಭಾನುವಾರ ನನಗೆ ಮನದಟ್ಟಾಯಿತು.

ಇನ್ನು ರಸ್ತೆಯ ಮೇಲಿನ ಅಭ್ಯಾಸಗಳ ವಿಷಯ. ಎಲ್ಲಕ್ಕಿಂತ ಹೆಚ್ಚು ಕೆಲಸಕ್ಕೆ ಬಂದದ್ದು ಅಂತರ. ಮುಂದಿನ ವಾಹನ ಒಂದು ಕಂಬವನ್ನು ದಾಟಿದಾಗ ಎಣಿಸಲು ತೊಡಗಿ, ನಾನು ಅದೇ ಕಂಬವನ್ನು ತಲುಪುವುದರೊಳಗೆ ಕನಿಷ್ಠ ಎರಡು ಸೆಕೆಂಡು ಕಳೆಯುವಂತೆ ನೋಡಿಕೊಳ್ಳುತ್ತೇನೆ, ಮಳೆಯಲ್ಲಿ ನಾಲ್ಕು. ಇದು ಸುರಕ್ಷತೆಯ ನಿಯಮವೆಂದೇ ಎಲ್ಲರೂ ಹೇಳುತ್ತಾರೆ, ಆದರೆ ಇದು ಮನಸ್ಸಿಗೂ ಮದ್ದು ಎಂಬುದನ್ನು ನಾನು ಅನುಭವದಿಂದ ಕಂಡುಕೊಂಡೆ. ಮುಂದಿನ ವಾಹನಕ್ಕೆ ಅಂಟಿಕೊಂಡು ಹೋಗುವಾಗ ಅದರ ಚಾಲಕ ಮಾಡುವ ಪ್ರತಿಯೊಂದೂ ನನಗೆ ಅಡ್ಡಿಯಾಗಿ ಕಾಣಿಸುತ್ತಿತ್ತು, ಅವನು ಒಂದಿಷ್ಟು ನಿಧಾನಿಸಿದರೂ ನಾನು ಬ್ರೇಕ್ ಒತ್ತಬೇಕಾಗುತ್ತಿತ್ತು, ಬ್ರೇಕ್ ಒತ್ತಿದಾಗಲೆಲ್ಲ ಸಿಟ್ಟು ಒಂದು ಮೆಟ್ಟಿಲು ಏರುತ್ತಿತ್ತು. ಅಂತರ ಬಿಟ್ಟ ಮೇಲೆ ಅವನು ನಿಧಾನಿಸಿದಾಗ ನಾನು ಆ್ಯಕ್ಸಿಲರೇಟರ್‌ನಿಂದ ಕಾಲನ್ನು ಸಡಿಲಿಸಿದರೆ ಸಾಕಾಯಿತು. ಆ ಜಾಗಕ್ಕೆ ಬೇರೆಯವರು ನುಗ್ಗುತ್ತಾರಲ್ಲ ಎಂದು ಗೆಳೆಯರು ಕೇಳುತ್ತಾರೆ. ನುಗ್ಗುತ್ತಾರೆ, ನಿಜ. ಪ್ರತಿಯೊಬ್ಬರಿಂದ ನಾನು ಕಳೆದುಕೊಳ್ಳುವುದು ಎರಡು ಸೆಕೆಂಡು, ಹತ್ತು ಮಂದಿ ನುಗ್ಗಿದರೂ 20 ಸೆಕೆಂಡು.

ಪಕ್ಕದ ಲೇನ್ ಯಾವಾಗಲೂ ಬೇಗ ಸಾಗುತ್ತಿರುವಂತೆ ಕಾಣುವುದು ನನ್ನ ಇನ್ನೊಂದು ದೊಡ್ಡ ಕಾಟವಾಗಿತ್ತು. ಅದರ ಗುಟ್ಟು ನನಗೆ ತಿಳಿದದ್ದು ಡೊನಾಲ್ಡ್ ರೆಡೆಲ್‌ಮಾಯರ್ ಮತ್ತು ರಾಬರ್ಟ್ ಟಿಬ್‌ಶಿರಾನಿ 1999ರಲ್ಲಿ ಪ್ರಕಟಿಸಿದ ಅಧ್ಯಯನದಿಂದ. ವಾಹನಗಳು ವೇಗವಾಗಿ ಸಾಗುವಾಗ ಅವುಗಳ ನಡುವೆ ಅಂತರ ಹೆಚ್ಚಿರುತ್ತದೆ, ನಿಧಾನವಾದಾಗ ಅವು ಒತ್ತೊತ್ತಾಗಿ ಸೇರುತ್ತವೆ. ಆದ್ದರಿಂದ ನಾವು ಇತರರನ್ನು ದಾಟುವಾಗ ಹಲವರನ್ನು ಕೆಲವೇ ಕ್ಷಣಗಳಲ್ಲಿ ದಾಟಿಬಿಡುತ್ತೇವೆ, ಇತರರು ನಮ್ಮನ್ನು ದಾಟುವಾಗ ಒಬ್ಬೊಬ್ಬರಾಗಿ ಬಹಳ ಹೊತ್ತು ದಾಟುತ್ತಿರುತ್ತಾರೆ. ಎರಡೂ ಲೇನ್‌ಗಳ ಸರಾಸರಿ ವೇಗ ಒಂದೇ ಆಗಿದ್ದರೂ ಹಿಂದೆ ಬೀಳುತ್ತಿದ್ದೇನೆ ಎಂಬ ಭಾವನೆಯಲ್ಲೇ ಹೆಚ್ಚು ಸಮಯ ಕಳೆಯುತ್ತೇವೆ. ಅಲ್ಲದೆ ನಾವು ದಾಟಿದ ವಾಹನ ಬೆನ್ನ ಹಿಂದೆ ಮರೆಯಾಗುತ್ತದೆ, ನಮ್ಮನ್ನು ದಾಟಿದ್ದು ಕಣ್ಣೆದುರೇ ಉಳಿಯುತ್ತದೆ. ಇದನ್ನು ತಿಳಿದ ಮೇಲೆ ನಾನು ವಿನಾಕಾರಣ ಲೇನ್ ಬದಲಿಸುವುದನ್ನು ಬಿಟ್ಟೆ. ಕಣ್ಣು ಇಂದಿಗೂ ಮೋಸಹೋಗುತ್ತದೆ, ಕೈ ಮಾತ್ರ ಸ್ಟಿಯರಿಂಗ್ ತಿರುಗಿಸುವುದಿಲ್ಲ.

ಹಿಂದಿನಿಂದ ಒತ್ತಿಕೊಂಡು ಬಂದು ಹಾರ್ನ್ ಮಾಡುವವರನ್ನು ಸಹಿಸುವುದು ಇದಕ್ಕಿಂತ ಕಠಿಣವಾಗಿತ್ತು. ಮೊದಮೊದಲು ನಾನು ಅವರಿಗೆ ಅಂಜಿ ವೇಗ ಹೆಚ್ಚಿಸುತ್ತಿದ್ದೆ, ಇಲ್ಲವೆ ಹಟಕ್ಕೆ ಬಿದ್ದು ಬೇಕೆಂದೇ ನಿಧಾನಿಸುತ್ತಿದ್ದೆ. ಎರಡನೆಯದು ಇನ್ನೂ ಕೆಟ್ಟದ್ದು, ಏಕೆಂದರೆ ಅದರಲ್ಲಿ ಸಮಾಧಾನದ ವೇಷ ತೊಟ್ಟ ಸಿಟ್ಟು ಇರುತ್ತದೆ. ಈಗ ಜಾಗ ಸಿಕ್ಕ ಕೂಡಲೇ ಬದಿಗೆ ಸರಿದು ದಾರಿ ಬಿಡುತ್ತೇನೆ. ಅವರು ಆಸ್ಪತ್ರೆಗೆ ಹೋಗುತ್ತಿರಬಹುದು ಎಂದು ಭಾವಿಸುವಂತೆ ಕೆಲವರು ಸಲಹೆ ಕೊಟ್ಟಿದ್ದರು. ನನಗೆ ಆ ಕಲ್ಪನೆ ಕೈಹಿಡಿಯಲಿಲ್ಲ, ಪ್ರತಿದಿನ ಅಷ್ಟೊಂದು ಜನ ಆಸ್ಪತ್ರೆಗೆ ಹೊರಟಿದ್ದಾರೆಂದು ಮನಸ್ಸು ಒಪ್ಪಲಿಲ್ಲ. ಅವರ ಕಾರಣ ಏನಾದರೂ ಇರಲಿ, ಅವರು ನನ್ನ ಹಿಂದಿರುವುದಕ್ಕಿಂತ ಮುಂದಿರುವುದು ನನಗೆ ಕ್ಷೇಮ ಎಂಬ ನೇರವಾದ ವಿಚಾರವೇ ಸಾಕಾಯಿತು.

ಫಲ ಕೊಡದ ಪ್ರಯತ್ನಗಳೂ ಇದ್ದವು. ಮಿತಿ ಮೀರಿದೊಡನೆ ಸದ್ದು ಮಾಡುವ ಒಂದು ಆ್ಯಪ್ ಹಾಕಿಕೊಂಡೆ, ಆ ಸದ್ದೇ ನನ್ನನ್ನು ಕೆರಳಿಸಿದ್ದರಿಂದ ಎರಡು ವಾರದಲ್ಲಿ ತೆಗೆದುಹಾಕಿದೆ. ವೇಗದ ತಾಳದ ಹಾಡುಗಳನ್ನು ನಿಲ್ಲಿಸಿದ್ದು ಮಾತ್ರ ಖಂಡಿತವಾಗಿ ಉಪಕರಿಸಿತು.

ಹೆದ್ದಾರಿಯಲ್ಲಿ ಕ್ರೂಸ್ ಕಂಟ್ರೋಲ್, ಅಂದರೆ ನಿಗದಿ ಮಾಡಿದ ವೇಗವನ್ನು ಕಾರು ತಾನೇ ಕಾಯ್ದುಕೊಳ್ಳುವಂತೆ ಮಾಡುವ ಸಾಧನ, ನನಗೆ ಬಹಳ ನೆರವಾಗಿದೆ. ಅದನ್ನು ರೂಪಿಸಿ 1950ರಲ್ಲಿ ಪೇಟೆಂಟ್ ಪಡೆದ ರಾಲ್ಫ್ ಟೀಟರ್ ಬಾಲ್ಯದಲ್ಲೇ ದೃಷ್ಟಿ ಕಳೆದುಕೊಂಡಿದ್ದ ಎಂಜಿನಿಯರ್. ಕಾರಿನ ವೇಗ ಏರಿಳಿಯುವುದನ್ನು ಅವರು ಮೈಯಿಂದಲೇ ಗ್ರಹಿಸುತ್ತಿದ್ದರು, ಜೊತೆಯವರು ಓಡಿಸುವಾಗ ಆಗುತ್ತಿದ್ದ ಎಳೆದಾಟವೇ ಅವರನ್ನು ಈ ಸಾಧನದತ್ತ ಒಯ್ದಿತೆಂದು ಹೇಳುತ್ತಾರೆ. ಮಿತಿಯೊಳಗಿನ ಒಂದು ವೇಗವನ್ನು ಒಮ್ಮೆ ನಿಗದಿ ಮಾಡಿಬಿಟ್ಟರೆ, ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ ಎಂದು ಕಾಲು ಕೇಳುವುದು ನಿಲ್ಲುತ್ತದೆ. ಆದರೆ ವಾಹನಗಳ ದಟ್ಟಣೆಯಲ್ಲೂ ಒದ್ದೆ ರಸ್ತೆಯಲ್ಲೂ ಅದನ್ನು ಬಳಸುವುದಿಲ್ಲ. ಹೆದ್ದಾರಿ ಬಿಟ್ಟು ಊರೊಳಗಿನ ರಸ್ತೆಗೆ ಇಳಿದಾಗ ಮತ್ತೊಂದು ಎಚ್ಚರ ಬೇಕು. ಒಂದು ಗಂಟೆ 90ರಲ್ಲಿ ಸಾಗಿದ ಕಣ್ಣಿಗೆ 60 ಎಂಬುದು ಆಮೆಯ ನಡಿಗೆಯಂತೆ ಕಾಣುತ್ತದೆ. ಆಗ ಕಣ್ಣಿನ ಅಂದಾಜನ್ನು ನಂಬದೆ ಹತ್ತು ನಿಮಿಷವಾದರೂ ಸ್ಪೀಡೋಮೀಟರನ್ನು ಮತ್ತೆ ಮತ್ತೆ ನೋಡಿಕೊಳ್ಳುತ್ತೇನೆ.

ಇಷ್ಟೆಲ್ಲ ಆದ ಮೇಲೂ ಸೆಳೆತ ಬರುತ್ತದೆ. ಬಂದಾಗ ಅದರ ಜೊತೆ ವಾದಿಸುವುದಿಲ್ಲ. 'ಬಂತು' ಎಂದು ಮೆಲ್ಲಗೆ ಹೇಳಿ, ಹೆಗಲು ಇಳಿಬಿಟ್ಟು, ಸ್ಟಿಯರಿಂಗ್ ಮೇಲಿನ ಹಿಡಿತ ಸಡಿಲಿಸಿ, ಮುಂದಿನ ಒಂದು ನಿಮಿಷ ಇದೇ ವೇಗದಲ್ಲಿರುತ್ತೇನೆ ಎಂದಷ್ಟೇ ಒಪ್ಪಂದ ಮಾಡಿಕೊಳ್ಳುತ್ತೇನೆ. ಬಹಳ ಸಲ ಆ ನಿಮಿಷ ಮುಗಿಯುವಷ್ಟರಲ್ಲಿ ಅದು ತಾನಾಗಿ ಇಳಿದಿರುತ್ತದೆ.

ನನಗೆ ಇನ್ನೂ ಪೂರ್ತಿ ಒಗ್ಗದಿರುವುದು ಮರಳುವ ದಾರಿಯ ಕೊನೆಯ ಐದು ಕಿಲೋಮೀಟರ್. ಮನೆ ಹತ್ತಿರವಾದಂತೆ, ಪರಿಚಿತ ತಿರುವುಗಳು ಒಂದೊಂದಾಗಿ ಕಂಡಂತೆ, ಕಾಲು ತಾನಾಗಿ ಭಾರವಾಗುತ್ತದೆ. ಕಳೆದ ತಿಂಗಳು ಪುಸ್ತಕದಲ್ಲಿ ಬರೆದ ಏಳು ತಪ್ಪುಗಳಲ್ಲಿ ಐದು ಅಲ್ಲಿಯವೇ. ಹಾಗಾಗಿ ಈಗ ಆ ತುಂಡಿನಲ್ಲಿ ರೇಡಿಯೋ ಆರಿಸಿ, ಪ್ರತಿ ತಿರುವಿಗೂ ಮೊದಲು ಸ್ಪೀಡೋಮೀಟರ್ ತೋರಿಸುವ ಸಂಖ್ಯೆಯನ್ನು ಗಟ್ಟಿಯಾಗಿ ಓದಿ ಹೇಳುತ್ತಿದ್ದೇನೆ. ಈ ವಾರದ ಪುಟದಲ್ಲಿ ಅಂಥ ತಪ್ಪು ಒಂದೇ ಇದೆ, ಅದು ಮಂಗಳವಾರದ್ದು.