ಅಪ್ಪನ ಮಿಲ್ಲು, ನನ್ನ ವಿಪ್ರೋ

2022ರ ಜನವರಿಯಲ್ಲಿ 650 ರೂಪಾಯಿಯಂತೆ 100 ವಿಪ್ರೋ ಷೇರು ಕೊಂಡೆ. ಅದಕ್ಕೆ ಸ್ವಲ್ಪ ಮೊದಲು 700 ದಾಟಿದ್ದರಿಂದ ಅಗ್ಗಕ್ಕೆ ಸಿಕ್ಕಿತು ಅಂದುಕೊಂಡಿದ್ದೆ. ವರ್ಷದ ಕೊನೆಗೆ 390ಕ್ಕೆ ಬಂದು ಕೂತಿತು.

ದಾವಣಗೆರೆಯ ಮಂಡಿಪೇಟೆಯಲ್ಲಿ ನಮ್ಮದು ಬೀಜ-ಗೊಬ್ಬರದ ಅಂಗಡಿ. ಸಂಜೆ ಮಂಡಕ್ಕಿ-ಮಿರ್ಚಿಗೆ ಸೇರುವ ಗೆಳೆಯರಿಗೆ ನಾನೇ ತಮಾಷೆಯ ವಸ್ತು. 'ಐಟಿನೇ ಬೇಕಿತ್ತು ಅಂದ್ರೆ ಟಿಸಿಎಸ್ ಇರ್ಲಿಲ್ವೇನೋ?' ಮಾತಿನಲ್ಲಿ ಹುರುಳಿತ್ತು. ಅಮೆರಿಕದಲ್ಲಿ ಬಡ್ಡಿ ಏರಿ ಐಟಿ ಷೇರೆಲ್ಲ ಬಿದ್ದ ವರ್ಷ ಅದು, ಆದರೆ ನನ್ನದು ಟಿಸಿಎಸ್, ಇನ್ಫೋಸಿಸ್‌ಗಿಂತ ಜೋರಾಗಿ ಬಿದ್ದಿತ್ತು.

ಅಪ್ಪ ಇಲ್ಲಿನ ಒಂದು ಹತ್ತಿ ಮಿಲ್ಲಿನ ಸ್ಪಿನ್ನಿಂಗ್ ಖಾತೆಯಲ್ಲಿದ್ದವರು. ಊರಿಗೆ ಮ್ಯಾಂಚೆಸ್ಟರ್ ಅನ್ನೋ ಹೆಸರಿದ್ದಾಗ ಸೇರಿ, ಬಾಗಿಲು ಹಾಕುವ ತನಕ ಇದ್ದರು. ಮುಚ್ಚುತ್ತದೆ ಅಂತ ಯಾವಾಗ ಗೊತ್ತಾಯಿತು ಅಂತ ಒಂದು ರಾತ್ರಿ ಕೇಳಿದೆ. 'ಮೊದ್ಲು ಹತ್ತಿ ಲಾರಿ ಕಮ್ಮಿ ಆದ್ವು. ಆಮೇಲೆ ರಾತ್ರಿ ಪಾಳಿ ನಿಲ್ಸಿದ್ರು. ಕಡೀಗೆ ಏಳನೇ ತಾರೀಖಿನ ಸಂಬಳ ಇಪ್ಪತ್ತಕ್ಕೆ ಹೋತು.' ಷೇರಿನ ಮಾತೇ ಬರಲಿಲ್ಲ.

ಅಪ್ಪನ ಲಾರಿ ಲೆಕ್ಕ ಹಿಡಿದುಕೊಂಡೇ ಕಂಪನಿಯ ತ್ರೈಮಾಸಿಕ ಫಲಿತಾಂಶ ಓದಿದೆ. ಮಾರಾಟ ಏರುತ್ತಲೇ ಇತ್ತು. ಆ ಹಣಕಾಸು ವರ್ಷ ಮುಗಿದಾಗ 79 ಸಾವಿರ ಕೋಟಿಯ ವಹಿವಾಟು 90 ಸಾವಿರ ಕೋಟಿ ದಾಟಿತ್ತು. ಲಾಭ ಮಾತ್ರ 12,200 ಕೋಟಿಯಿಂದ 11,350 ಕೋಟಿಗೆ ಇಳಿದಿತ್ತು. ಲಾರಿ ಬರುತ್ತಿವೆ, ಉಳಿಯುವುದು ಕಮ್ಮಿ, ಅಷ್ಟೇ. ಡಿಸೆಂಬರಿನಲ್ಲೇ 390ಕ್ಕೆ ಇನ್ನೂ 100 ತಗೊಂಡಿದ್ದೆ. ಮನೆಯಲ್ಲಿ ಹೇಳಲಿಲ್ಲ.

2023ರ ಜೂನ್‌ನಲ್ಲಿ ಕಂಪನಿಯೇ 445 ರೂಪಾಯಿಗೆ ಷೇರು ವಾಪಸ್ ಕೊಳ್ಳಲು ಬಂತು. ಒಟ್ಟು 12,000 ಕೋಟಿಯ ಬೈಬ್ಯಾಕ್. ಪೇಟೆಯಲ್ಲಿ ಬೆಲೆ ಆಗ 400ರ ಕೆಳಗೆ. ಎರಡು ಲಕ್ಷ ರೂಪಾಯಿಯೊಳಗಿನ ಷೇರು ಇಟ್ಟುಕೊಂಡ ನನ್ನಂಥವರಿಗೆ ಶೇಕಡ 15ರಷ್ಟು ಪ್ರತ್ಯೇಕ ಪಾಲೂ ಇತ್ತು. ಆದರೆ ನಮ್ಮಲ್ಲಿ ಜೂನ್ ಅಂದರೆ ಮೆಕ್ಕೆಜೋಳದ ಬಿತ್ತನೆ. ಬೆಳಿಗ್ಗೆ ಆರಕ್ಕೇ ಡಿಎಪಿ ಗೊಬ್ಬರಕ್ಕೆ ಸಾಲು. ಮೊಬೈಲ್ ತೆಗೆದು ನೋಡುವ ಹೊತ್ತಿಗೆ ಗಡುವು ಮುಗಿದಿತ್ತು. ಈಗಲೂ ಹೊಟ್ಟೆ ಉರಿಯುತ್ತದೆ.

ಮುಂದಿನ ಹಣಕಾಸು ವರ್ಷ, 2023-24ರಲ್ಲಿ, ವಹಿವಾಟು 89,760 ಕೋಟಿಗೆ ಇಳಿಯಿತು. 2024ರ ಏಪ್ರಿಲ್‌ನಲ್ಲಿ ಸಿಇಒ ಥಿಯರಿ ಡೆಲಾಪೋರ್ಟ್ ಹೋಗಿ ಶ್ರೀನಿವಾಸ್ ಪಲ್ಲಿಯಾ ಬಂದರು. ಅಪ್ಪನ ಲೆಕ್ಕದಲ್ಲಿ ಲಾರಿ ಕಮ್ಮಿಯಾಗಿದ್ದವು, ನಾನು ಆಗಲೇ ಮಾರಬೇಕಿತ್ತು. ಮಾರಲಿಲ್ಲ. ಅದಕ್ಕೆ ಯಾವ ಲೆಕ್ಕಾಚಾರವೂ ಇರಲಿಲ್ಲ, ಬರೀ ಹಠ. ಮಂಡಕ್ಕಿ ಅಂಗಡಿಯ ಮುಂದೆ ಸೋತೆ ಅನ್ನಿಸಿಕೊಳ್ಳಲು ಮನಸ್ಸಿರಲಿಲ್ಲ.

ಅದೇ ವರ್ಷ ಡಿಸೆಂಬರಿನಲ್ಲಿ ಒಂದಕ್ಕೊಂದು ಬೋನಸ್ ಬಂದು 200 ಷೇರು 400 ಆದವು. 'ಡಬಲ್ ಆತಲ್ಲೋ!' ಅಂದ ಗೆಳೆಯನಿಗೆ, ಷೇರು ಡಬಲ್ ಆದ್ರೆ ಬೆಲೆ ಅರ್ಧ ಆಗುತ್ತೆ, ಇದು ಐನೂರರ ನೋಟಿಗೆ ಚಿಲ್ಲರೆ ತಗೊಂಡಂಗೆ ಅಂತ ತಿಳಿಸಿ ಹೇಳುವಷ್ಟರಲ್ಲಿ ಮಿರ್ಚಿ ಆರಿತ್ತು. ನನ್ನ ಸರಾಸರಿ ಬೆಲೆ 520ರಿಂದ 260ಕ್ಕೆ ಬಂತು. 2025ರ ಆರಂಭದಲ್ಲಿ ಷೇರು 300 ದಾಟಿದಾಗ ಎರಡು ವಾರ ಬುದ್ಧಿವಂತನಾಗಿದ್ದೆ. ಏಪ್ರಿಲ್‌ನಲ್ಲಿ ಮತ್ತೆ 240ರ ಆಸುಪಾಸು. ಡಿವಿಡೆಂಡ್, ಅಂದರೆ ಕಂಪನಿ ಹಂಚುವ ಲಾಭದ ಪಾಲು ಅಂತ ಒಂದು ವರ್ಷ ಇಡೀ 200 ಷೇರಿಗೆ ಬಂದದ್ದು 200 ರೂಪಾಯಿ, ಬೆಣ್ಣೆ ದೋಸೆಗೆ ಆಯಿತು. 2025ರ ಜನವರಿಯ ಡಿವಿಡೆಂಡ್ ಷೇರಿಗೆ ಆರು ರೂಪಾಯಿ ಲೆಕ್ಕದಲ್ಲಿ 2,400 ಸಿಕ್ಕಿತು.

ಮೊದಲ ಸಲ ಕೊಂಡಾಗ ಆ 65,000ಕ್ಕೆ ಸರ ಮಾಡಿಸೋಣ ಅಂದಿದ್ದಳು ಹೆಂಡತಿ. ಆಗ 10 ಗ್ರಾಂ ಚಿನ್ನ 50,000ದ ಒಳಗೇ ಇತ್ತು, 2025ರ ಏಪ್ರಿಲ್‌ಗೆ 90,000 ದಾಟಿತು. ಅವಳು ಷೇರಿನ ಬೆಲೆ ಕೇಳುವುದಿಲ್ಲ. ಪೇಪರನ್ನು ಚಿನ್ನದ ದರ ಮೇಲೆ ಬರುವಂತೆ ಮಡಚಿ, ನನ್ನ ಕಾಫಿ ಲೋಟದ ಪಕ್ಕ ಇಟ್ಟು ಹೋಗುತ್ತಾಳೆ.