ನನ್ನ ಅನುಭವ: ಕನ್ನಡ ಬಿಟ್ಟ ಒಂದು ತಿಂಗಳು, ಕನ್ನಡ ಹಿಡಿದ ಒಂಬತ್ತು ತಿಂಗಳು

ಜೂನ್ ಮೊದಲ ವಾರ ಎಂಟನೆಯ ತರಗತಿಯ ಕರಿಹಲಗೆಯ ಮೂಲೆಯಲ್ಲಿ ನಾನೇ ದೊಡ್ಡಕ್ಷರದಲ್ಲಿ ಬರೆದೆ: ಇಂಗ್ಲಿಷ್ ಅವಧಿಯಲ್ಲಿ ಕನ್ನಡ ಮಾತನಾಡಬಾರದು.

ನಮ್ಮದು ಹಾವೇರಿ ಜಿಲ್ಲೆಯ ಹಳ್ಳಿಯೊಂದರ ಸರ್ಕಾರಿ ಪ್ರೌಢಶಾಲೆ. ತರಗತಿಯಲ್ಲಿ 34 ಮಕ್ಕಳು. ನಾವೆಲ್ಲ ಎಬಿಸಿಡಿ ತಿದ್ದಿದ್ದು ಐದನೆಯ ತರಗತಿಯಲ್ಲಿ. 2007-08ರಿಂದ ಸರ್ಕಾರಿ ಶಾಲೆಗಳಲ್ಲೂ ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಒಂದು ವಿಷಯವಾಗಿದೆ. ಏಳು ವರ್ಷ ಓದಿ ಬಂದವರಿಗೆ ದಿನಕ್ಕೆ ನಲವತ್ತು ನಿಮಿಷ ಇಂಗ್ಲಿಷಿನಲ್ಲಿ ಕಳೆಯುವುದು ಕಷ್ಟವಾಗಲಾರದು ಎಂಬುದು ನನ್ನ ಲೆಕ್ಕ.

ಲೆಕ್ಕ ತಪ್ಪಿತು. ನಿಯಮವನ್ನು ಮಕ್ಕಳು ಚಾಚೂ ತಪ್ಪದೆ ಪಾಲಿಸಿದರು. ಕನ್ನಡವನ್ನೂ ಆಡಲಿಲ್ಲ, ಇಂಗ್ಲಿಷನ್ನೂ ಆಡಲಿಲ್ಲ. ನಾನೊಬ್ಬಳೇ ಮಾತನಾಡುತ್ತಿದ್ದೆ. ಆ ಮೌನವನ್ನು ಶಿಸ್ತು ಎಂದುಕೊಂಡು ಒಂದಷ್ಟು ದಿನ ಹಿಗ್ಗಿದ್ದೂ ಉಂಟು. ತಿಂಗಳ ಕೊನೆಗೆ ಒಂದು ದಿನ ಹಿಂದಿನ ಸಾಲಿನ ಹುಡುಗನೊಬ್ಬ ಅವಧಿಯುದ್ದಕ್ಕೂ ಮೇಜಿಗೆ ತಲೆ ಒರಗಿಸಿ ಕುಳಿತಿದ್ದ. ನಿದ್ದೆ ಮಾಡುತ್ತಿದ್ದಾನೆಂದು ಎರಡು ಸಲ ಗದರಿದೆ. ಗಂಟೆ ಹೊಡೆದ ಮರುಕ್ಷಣ ಎದ್ದು ಬಂದು, "ಅಕ್ಕೋರೇ, ಹೊಟ್ಟೆ ಬಹಳ ನೋಯುತ್ತಿದೆ" ಎಂದ. ಮೊದಲೇ ಏಕೆ ಹೇಳಲಿಲ್ಲವೆಂದರೆ, ಕರಿಹಲಗೆಯ ಮೂಲೆ ತೋರಿಸಿದ. ಅವನನ್ನು ಮನೆಗೆ ಕಳಿಸಿ ಬಂದು ಆ ಸಾಲನ್ನು ಅಳಿಸಿದೆ.

ಮರುದಿನದ ಪಾಠ ಅವನ ಹೊಟ್ಟೆನೋವಿನಿಂದಲೇ ಶುರುವಾಯಿತು. ಇದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳುವಿರಿ ಎಂದಾಗ ಬಂದ ಉತ್ತರ: 'ಟು ಮಿ ಸ್ಟಮಕ್ ಪೇನಿಂಗ್'. ಹಿಂದಿನ ವರ್ಷವಾಗಿದ್ದರೆ ಕೆಂಪು ಶಾಯಿಯಲ್ಲಿ ಹೊಡೆದು ಮುಂದೆ ಹೋಗುತ್ತಿದ್ದೆ. ಈ ಸಲ 'ಟು ಮಿ' ಎಲ್ಲಿಂದ ಬಂತು ಎಂದು ಕೇಳಿದೆ. "ನನಗೆ" ಎಂದರು. ಸರಿಯಾಗಿಯೇ ಯೋಚಿಸಿದ್ದರು. ಕನ್ನಡದಲ್ಲಿ ಹಸಿವೆ, ಜ್ವರ, ಚಳಿ, ಸಿಟ್ಟು, ನಾಚಿಕೆ ಎಲ್ಲವೂ 'ನನಗೆ' ಆಗುತ್ತವೆ, ಬರುತ್ತವೆ. ಇಂಗ್ಲಿಷಿನವನಿಗೆ ಹಸಿವೆ ಹೊರಗಿನಿಂದ ಬರುವುದಿಲ್ಲ, ಅವನೇ ಹಸಿದವನಾಗಿ ನಿಲ್ಲುತ್ತಾನೆ. ಜ್ವರವಾದರೆ ಅದನ್ನು ಸ್ವಂತ ಆಸ್ತಿಯಂತೆ 'ಹ್ಯಾವ್' ಎಂದು ಇಟ್ಟುಕೊಳ್ಳುತ್ತಾನೆ. ಮಕ್ಕಳು ನಕ್ಕರು. ಆ ವರ್ಷ ಇಂಗ್ಲಿಷ್ ಅವಧಿಯಲ್ಲಿ ಕೇಳಿದ ಮೊದಲ ನಗು ಅದು.

ನಮ್ಮ ಕನ್ನಡ ಪಂಡಿತರ ಬಳಿ ಹೋಗಿ, ವಿಭಕ್ತಿ ಪಾಠ ಯಾವಾಗ ಎಂದು ಕೇಳಿದೆ. ಅವರು ಒಂದು ವಾರ ಹಿಂದೆಮುಂದೆ ಮಾಡಿಕೊಂಡರು. ಬೆಳಿಗ್ಗೆ ಅವರು ಸಪ್ತಮಿ ಮಾಡಿದರೆ ಮಧ್ಯಾಹ್ನ ಬಿಸಿಯೂಟದ ನಂತರ ನಾನು 'ಇನ್', 'ಆನ್', 'ಅಟ್' ಮಾಡುತ್ತಿದ್ದೆ. ಮನೆಯಲ್ಲಿ, ಬಸ್ಸಿನಲ್ಲಿ, ಬಸ್ ನಿಲ್ದಾಣದಲ್ಲಿ: ನಮಗೆ ಒಂದೇ 'ಅಲ್ಲಿ' ಸಾಕು, ಅವರಿಗೆ ಮೂರು ಬೇಕು. ಬಸ್ಸಿನ ಒಳಗೆ ಕುಳಿತವನೂ 'ಆನ್ ದ ಬಸ್' ಏಕೆ ಆಗುತ್ತಾನೆಂದು ಒಬ್ಬಳು ಪಟ್ಟು ಹಿಡಿದಳು. ಅವಳ ಮಟ್ಟಿಗೆ ಅದು ಬಸ್ಸಿನ ಟಾಪಿನ ಮೇಲೆ ಕುಳಿತವರ ಮಾತು. ಅವರ ರೂಢಿ ಹಾಗೆ ಎಂದು ಕೈಚೆಲ್ಲಿದೆ.

'ಎ' ಮತ್ತು 'ದ' ಎಂಬ ಪುಟ್ಟ ಪದಗಳು ನನ್ನನ್ನು ಹತ್ತು ವರ್ಷ ಗೋಳಾಡಿಸಿದ್ದವು. ನಿಯಮ ಹೇಳಿಕೊಟ್ಟರೆ ಮಕ್ಕಳು ನಿಯಮ ಒಪ್ಪಿಸುತ್ತಿದ್ದರು, ವಾಕ್ಯದಲ್ಲಿ ಮರೆಯುತ್ತಿದ್ದರು. ಇದಕ್ಕೆ ದಾರಿ ಸಿಕ್ಕಿದ್ದು ಅಜ್ಜಿಕಥೆಯಲ್ಲಿ. "ಒಂದು ಊರಿನಲ್ಲಿ ಒಬ್ಬ ರಾಜ ಇದ್ದ. ಆ ರಾಜನಿಗೆ..." ಮೊದಲ ಸಲ ಬಂದವನು 'ಒಬ್ಬ', ಪರಿಚಯವಾದ ಮೇಲೆ 'ಆ'. ಇಂಗ್ಲಿಷಿನಲ್ಲೂ ಮೊದಲು 'ಎ', ಆಮೇಲೆ 'ದ'. ಇದು ಎಲ್ಲ ಕಡೆಗೂ ಹೊಂದುವುದಿಲ್ಲ, ಸೂರ್ಯನಿಗೆ ಯಾರೂ ಪರಿಚಯ ಮಾಡಿಕೊಡದಿದ್ದರೂ 'ದ' ಬೇಕು. ಆದರೆ ಕಥೆ ಬರೆಯುವಾಗ ತಪ್ಪುಗಳು ಅರ್ಧಕ್ಕಿಂತ ಕಡಿಮೆಯಾದವು.

ಕಾಗುಣಿತಕ್ಕೆ ಮಾತ್ರ ಕನ್ನಡ ನೆರವಾಗಲಿಲ್ಲ, ಜಗಳ ತಂದಿತು. ಬರೆದಂತೆ ಓದುವ ಲಿಪಿಯಲ್ಲಿ ಬೆಳೆದ ಮಕ್ಕಳಿಗೆ ಒ, ಯು, ಜಿ, ಎಚ್ ಎಂಬ ನಾಲ್ಕು ಅಕ್ಷರ ಒಂದು ಕಡೆ 'ಟಫ್', ಒಂದು ಕಡೆ 'ಥ್ರೂ', ಇನ್ನೊಂದು ಕಡೆ 'ದೋ' ಆಗುವುದು ಶುದ್ಧ ಮೋಸವಾಗಿ ಕಂಡಿತು. ಹದಿನೈದನೆಯ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿಗೆ ಮುದ್ರಣಯಂತ್ರ ಬಂತು, ಬರಹ ಕ್ರಮೇಣ ಹೆಪ್ಪುಗಟ್ಟಿತು, ನಾಲಿಗೆ ಮಾತ್ರ ಬದಲಾಗುತ್ತ ಹೋಯಿತು, ಚಾಕುವಿನ 'ನೈಫ್' ಪದದ ಮೊದಲ ಕೆ ಅಕ್ಷರವನ್ನೂ ಹಿಂದೆ ಉಚ್ಚರಿಸುತ್ತಿದ್ದರು ಎಂದು ಹೇಳಿದೆ. "ಹಾಗಾದರೆ ಆಮೇಲೆ ತಿದ್ದಬೇಕಿತ್ತಲ್ಲ ಅಕ್ಕೋರೇ, ನಮಗಾದರೆ ಹತ್ತು ಸಲ ತಿದ್ದಿ ಬರೆಸುತ್ತೀರಿ" ಎಂದ ಹೊಟ್ಟೆನೋವಿನ ಹುಡುಗ. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ದಸರಾ ರಜೆಗೆ ಬೇರೆ ಮನೆಗೆಲಸ ಕೊಡಲಿಲ್ಲ. ಮನೆಯಲ್ಲಿ, ಹೊಲದಲ್ಲಿ, ಅಂಗಡಿಯಲ್ಲಿ ಕೇಳಿದ ಇಂಗ್ಲಿಷ್ ಪದಗಳನ್ನು ಕನ್ನಡ ಲಿಪಿಯಲ್ಲೇ ಬರೆದು ತರಬೇಕು, ಅಷ್ಟೆ. ಸ್ಟಾರ್ಟರ್, ತ್ರೀಫೇಸ್, ಲೈನ್‌ಮನ್, ಟ್ರೇಲರ್, ಡ್ರಿಪ್, ರೀಚಾರ್ಜ್, ಕಟಿಂಗ್, ಪಾಸ್‌ಬುಕ್. ಎಲ್ಲ ಸೇರಿಸಿದಾಗ ಇನ್ನೂರು ದಾಟಿತು. ಅಕ್ಷರವೇ ಬಾರದ ಅಪ್ಪನ ಬಾಯಲ್ಲಿ ಅರವತ್ತು ಪದ ಸಿಕ್ಕವೆಂದು ಒಬ್ಬಳು ಬೀಗಿದಳು. ಅವುಗಳಲ್ಲಿ ಎಷ್ಟೋ ಇಲ್ಲಿಗೆ ಬಂದು ಬೇರೆ ಅರ್ಥ ಹೊತ್ತಿವೆ. 'ನಮ್ಮ ಬೋರ್ ಕೆಟ್ಟಿದೆ' ಎಂಬುದನ್ನು ಪದಕ್ಕೆ ಪದ ಇಂಗ್ಲಿಷಿಗೆ ತಂದರೆ ಕೇಳಿದವನು ಏನೆಂದುಕೊಂಡಾನು ಎಂಬ ಚರ್ಚೆಯಲ್ಲೇ ಎರಡು ಅವಧಿ ಹೋದವು. ಹೋಗಲಿ ಎಂದು ಬಿಟ್ಟೆ.

ಹತ್ತನೆಯ ತರಗತಿಯಲ್ಲಿ ಇದಾವುದನ್ನೂ ಮಾಡಲಿಲ್ಲ ಎಂದು ಒಪ್ಪಿಕೊಳ್ಳಬೇಕು. ಅಲ್ಲಿ 80 ಅಂಕದ ಲಿಖಿತ ಪರೀಕ್ಷೆ ನೆತ್ತಿಯ ಮೇಲೆ ಕುಳಿತಿರುತ್ತದೆ. ಪತ್ರದ ಮಾದರಿ, ಪದ್ಯದ ಬಾಯಿಪಾಠ, ಹಳೆಯ ಪ್ರಶ್ನೆಪತ್ರಿಕೆ, ಇಷ್ಟರಲ್ಲೇ ವರ್ಷ ಮುಗಿಯಿತು. ಧೈರ್ಯ ಸಾಲಲಿಲ್ಲ.

ಜನವರಿಯಿಂದ ಮೆಣಸಿನಕಾಯಿ ಬಿಡಿಸುವ ಕೆಲಸಕ್ಕೆ ಅಪ್ಪ-ಅಮ್ಮನ ಜೊತೆ ಹೋಗುವ ಮಕ್ಕಳು ಹೆಚ್ಚು. ಕೆಲವು ದಿನ ಎದುರಿಗೆ ಇಪ್ಪತ್ತು ಜನವೂ ಇರುತ್ತಿರಲಿಲ್ಲ. ಹೊಸ ಪಾಠ ನಿಲ್ಲಿಸಿ, ಬಂದವರಿಗೆ ಪುಟ್ಟ ಕಥೆಗಳನ್ನು ಗಟ್ಟಿಯಾಗಿ ಓದಿಸಿದೆ. ವರ್ಷದ ಆರಂಭದಲ್ಲಿ ಹಿಂದಿನ ತರಗತಿಯ ಕಲಿಕೆ ಅಳೆಯುವ ಸೇತುಬಂಧ ಪರೀಕ್ಷೆಯಲ್ಲಿ ಹೊಸದೊಂದು ಪ್ಯಾರಾ ಕೊಟ್ಟರೆ ತಡವರಿಸದೆ ಓದಿದವರು 9 ಮಂದಿ. ಏಪ್ರಿಲ್ ಮೊದಲ ವಾರ ಅಂಥದೇ ಪ್ಯಾರಾ ಕೊಟ್ಟಾಗ 21 ಮಂದಿ ಓದಿದರು, ಏಳು ಮಂದಿ ಎಡವುತ್ತ ಮುಗಿಸಿದರು.

ಉಳಿದ ಆರು ಮಕ್ಕಳಿಗೆ ನನ್ನ ಯಾವ ಉಪಾಯವೂ ತಾಗಲಿಲ್ಲ. ಕಾರಣ ತಿಳಿದದ್ದು ಬಹಳ ತಡವಾಗಿ: ಅವರು ಕನ್ನಡದ ಒತ್ತಕ್ಷರಗಳನ್ನೂ ಊಹಿಸಿಯೇ ಓದುತ್ತಿದ್ದರು. ನಾನು ಆಸರೆಯೆಂದು ಹಿಡಿಸಿದ ಕೋಲೇ ಅವರ ಕೈಯಲ್ಲಿ ಇರಲಿಲ್ಲ. ಈ ಜೂನ್‌ನಿಂದ ಶನಿವಾರದ ಬೆಳಗಿನ ಶಾಲೆ ಮುಗಿದ ಮೇಲೆ ಅರ್ಧ ಗಂಟೆ ಆ ಆರು ಮಂದಿಗೆ ಪಂಡಿತರು ಕನ್ನಡ ಓದಿಸುವುದೆಂದೂ, ಇಂಗ್ಲಿಷ್ ಪುಸ್ತಕವನ್ನು ಹೊರಗಿಟ್ಟು ನಾನೂ ಪಕ್ಕದಲ್ಲಿ ಕೂರುವುದೆಂದೂ ಮಾತಾಗಿದೆ.